ಎಲೆಯೊಳಗೆ ಕಂಡ ಮುಖ

ನಿಮ್ಮ ಊರಿಗೂ ಈ ಗಾಳಿ ಬೀಸಿರಬೇಕು. ಹತ್ತು ದಿನದ ಕ್ಲಾಸಿಗೆ ಸೇರಿದರೆ ಮೂರನೆಯ ಕಣ್ಣು ತೆರೆಯುತ್ತದಂತೆ. ಕನ್ನಡಿಯನ್ನೋ, ನೀರು ತುಂಬಿದ ಬಟ್ಟಲನ್ನೋ ದಿಟ್ಟಿಸುತ್ತ ಕೂತರೆ ಆದದ್ದು, ಆಗೋದು ಎಲ್ಲ ಕಣ್ಣಿಗೆ ಕಟ್ಟುತ್ತದಂತೆ. "ಆಂಟೀ, ನೀವು ದಿನಾ ದೀಪದ ಮುಂದೆ ಕೂತ್ಕೋತೀರಲ್ಲ, ನಿಮಗೇನಾದ್ರೂ ಕಾಣಿಸುತ್ತಾ?" ಅಂತ ಪಕ್ಕದ ಮನೆಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು. ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಮದುವೆಯಾಗಿ ಎರಡು ವರ್ಷ, ಗಂಡ ದೂರದೂರಿನಲ್ಲಿ. ಮುಂದೇನು ಅಂತ ಒಂದಿಷ್ಟು ಗೊತ್ತಾದರೆ ಸಾಕು ಅನ್ನುವ ಆಸೆ ಯಾರಿಗಿಲ್ಲ ಹೇಳಿ? ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಹಳ್ಳಿಗಳ ಅಂಜನ ನಿಮಗೆ ಗೊತ್ತಿಲ್ಲವೇ? ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲೆಸಿ, ವೀಳ್ಯದೆಲೆಗೋ ಹೆಬ್ಬೆರಳ ಉಗುರಿಗೋ ಹೊಳೆಯುವ ಹಾಗೆ ಬಳಿಯುತ್ತಾರೆ. ನೋಡುವುದಕ್ಕೆ ಚಿಕ್ಕ ಮಗುವೇ ಆಗಬೇಕು. ಕಾಲು ಮುಂದಾಗಿ ಹುಟ್ಟಿದ ಮಗುವಾದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ. ಮೊದಲು ಕಸ ಗುಡಿಸುವವರು ಕಾಣಬೇಕು, ನೀರು ಚಿಮುಕಿಸುವವರು ಕಾಣಬೇಕು, ಆಮೇಲೆ ಪೀಠ, ಪೀಠದ ಮೇಲೆ ಆಂಜನೇಯಸ್ವಾಮಿ. ಅವನನ್ನು ಬೇಡಿಕೊಂಡರೆ ಕಳ್ಳನ ಮುಖ ತೋರಿಸುತ್ತಾನೆ ಎಂಬ ನಂಬಿಕೆ. ವಿಚಿತ್ರ ನೋಡಿ, ಎಡ್ವರ್ಡ್ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸ 1836ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಈಜಿಪ್ಟಿನ ಕೈರೋದ ಮಾಂತ್ರಿಕನೊಬ್ಬನ ಬಗ್ಗೆ ಬರೆದಿದ್ದಾನೆ. ಅಲ್ಲಿ ಎಲೆಯ ಬದಲು ಹುಡುಗನ ಅಂಗೈಯಲ್ಲಿ ಶಾಯಿ. ಆ ಹುಡುಗನಿಗೂ ಮೊದಲು ಕಂಡದ್ದು ನೆಲ ಗುಡಿಸುವವನೇ! ಅವನಿಗೆ ಆಮೇಲೆ ಕಂಡವನು ಆಂಜನೇಯನಲ್ಲ, ಸುಲ್ತಾನ. ಯಾವ ನಾಡಿನ ಮಗುವಿಗೆ ಯಾವ ಕಥೆ ಹೇಳಿ ಕೂರಿಸುತ್ತೇವೋ ಅದೇ ತಾನೇ ಕಾಣಬೇಕು?

ಅಂಜನ ಹಾಕಿದ್ದನ್ನು ನಾನು ಕಣ್ಣಾರೆ ಕಂಡದ್ದು 1979ರಲ್ಲಿ, ತುಮಕೂರು ಕಡೆಯ ನಮ್ಮತ್ತೆಯವರ ಮನೆಯಲ್ಲಿ. ಹಬ್ಬಕ್ಕೆ ಬಂದಿದ್ದ ನಾದಿನಿಯ ಒಂದು ಬೆಂಡೋಲೆ ಕಾಣದಾಯಿತು. ಹಾಸಿಗೆ ಕೊಡವಿದ್ದಾಯಿತು, ಕಣಜ ಬಗೆದದ್ದಾಯಿತು. "ಬಚ್ಚಲ ಮೋರಿ ನೋಡಿದಿರಾ?" ಅಂದೆ. "ಎಲ್ಲ ನೋಡಿ ಆಯ್ತಮ್ಮ, ಸುಮ್ನಿರು" ಅಂದರು ಅತ್ತೆ. ಮೂರನೆಯ ದಿನ ಪಕ್ಕದ ಹಳ್ಳಿಯಿಂದ ಅಂಜನದವನು ಬಂದ. ನಮ್ಮ ಭಾವನವರ ಮಗ, ಏಳು ವರ್ಷದವನು, ಅವನನ್ನು ಮಣೆಯ ಮೇಲೆ ಕೂರಿಸಿದರು. ಬಾಗಿಲು ಮುಚ್ಚಿ, ಒಂದೇ ದೀಪ. ಮಗು ಎಷ್ಟು ಹೊತ್ತು ಆ ಎಲೆಯನ್ನು ನೋಡಿತೋ, ನಮಗೆಲ್ಲ ಉಸಿರು ಕಟ್ಟಿದ ಹಾಗೆ.

"ಯಾರಾದ್ರೂ ಕಾಣಿಸ್ತಾರಾ?"

"ಹೂಂ."

"ಹೆಂಗಸಾ?"

"ಹೂಂ."

"ಸೀರೆ ಯಾವ ಬಣ್ಣ, ಹಸಿರಾ?"

"ಹೂಂ."

ಇನ್ನೇನು ಬೇಕು? ಪಾತ್ರೆ ತೊಳೆಯಲು ಬರುತ್ತಿದ್ದವಳಿಗೆ ಇದ್ದದ್ದೇ ಎರಡು ಸೀರೆ, ಅದರಲ್ಲೊಂದು ಹಸಿರು. ಪೊಲೀಸು ಗಿಲೀಸು ಏನೂ ಇಲ್ಲ, ನಾಳೆಯಿಂದ ಬರಬೇಡ ಅಂದರು, ಅಷ್ಟೇ. ಆದರೆ ಚಿಕ್ಕ ಊರು ನೋಡಿ, ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಬೇರೆ ಯಾವ ಮನೆಯೂ ಅವಳನ್ನು ಹಿತ್ತಲಿಗೂ ಸೇರಿಸಲಿಲ್ಲ. "ಅಮ್ಮಾರೆ, ಆ ಮಗೀಗೆ ನಾನ್ಯಾಕ್ ಕಾಣಿಸ್ಕಂಡೆ?" ಅಂತ ಒಂದೇ ಮಾತು ಕೇಳಿದಳು. ತಿಂಗಳೊಳಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಳು. ಬೆಂಡೋಲೆ ಸಿಗಲೇ ಇಲ್ಲ.

ಅಂದಿನ ಆ ಮಗು ಈಗ ಐವತ್ತು ದಾಟಿದವನು. ಒಂದು ಮದುವೆ ಮನೆಯಲ್ಲಿ ಸಿಕ್ಕಾಗ ಕೇಳಿದೆ, ನಿಜ ಹೇಳಪ್ಪ, ಹೆದರಿ ಹೂಂಗುಟ್ಟಿದೆಯೋ ಹೇಗೆ ಅಂತ. "ಇಲ್ಲ ಚಿಕ್ಕಮ್ಮ, ನಿಜವಾಗ್ಲೂ ಕಂಡಳು" ಅಂದ. "ಮೊದಲು ಮಸಿಯೊಳಗೆ ಸುಮ್ನೆ ಏನೋ ಅಲುಗಾಡ್ತಿತ್ತು. ಅವನು ಹೆಂಗಸಾ ಅಂದ ಮೇಲೆ ಹೆಂಗಸಾಯ್ತು, ಹಸಿರಾ ಅಂದ ಮೇಲೆ ಹಸಿರಾಯ್ತು. ಬೆಳಗಿಂದ ಅಡುಗೆಮನೇಲಿ ಎಲ್ಲರ ಬಾಯಲ್ಲೂ ಅವಳ ಹೆಸರೇ ಇತ್ತಲ್ಲ!"

ಈ ಮಾತನ್ನು ಸ್ವಲ್ಪ ಯೋಚಿಸಿ. ಹುಡುಗ ಸುಳ್ಳು ಹೇಳಲಿಲ್ಲ. ಅಂಜನದವನೂ ಮೋಸ ಮಾಡಬೇಕೆಂದೇ ಬಂದವನಿರಲಿಕ್ಕಿಲ್ಲ. ಕಂಡದ್ದು ಕಂಡದ್ದೇ. ಆದರೆ ಅದು ಬಂದದ್ದು ಎಲೆಯಿಂದಲ್ಲ, ನಮ್ಮ ಅಡುಗೆಮನೆಯಿಂದ.

ಕಣ್ಣಿನ ಸ್ವಭಾವವೇ ಹಾಗಂತೆ. ಒಂದೇ ಕಡೆ ನೋಟ ಕದಲಿಸದೆ ನೋಡಿದರೆ ಅದರ ಸುತ್ತ ಇರುವುದೆಲ್ಲ ಮಸುಕಾಗಿ ಮಾಯವಾಗುತ್ತದೆ ಎಂದು ಟ್ರಾಕ್ಸ್‌ಲರ್ ಎಂಬ ಸ್ವಿಸ್ ವೈದ್ಯರು 1804ರಲ್ಲೇ ಬರೆದಿಟ್ಟಿದ್ದಾರೆ. ಮಾಯವಾದ ಜಾಗವನ್ನು ಮನಸ್ಸು ಖಾಲಿ ಬಿಡುವುದಿಲ್ಲ, ತನ್ನ ಕೈಲಿರುವುದನ್ನು ತುಂಬುತ್ತದೆ. 2010ರಲ್ಲಿ ಇಟಲಿಯ ಜಿಯೊವಾನಿ ಕಪೂಟೊ ಎಂಬ ಸಂಶೋಧಕರು 50 ಜನರನ್ನು ಮಂದ ಬೆಳಕಿನಲ್ಲಿ ಹತ್ತು ನಿಮಿಷ ಕನ್ನಡಿಯ ಮುಂದೆ ಕೂರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಮಂತ್ರವಿಲ್ಲ, ತಂತ್ರವಿಲ್ಲ. ಆದರೂ ಮೂವರಲ್ಲಿ ಇಬ್ಬರಿಗೆ ತಮ್ಮ ಮುಖವೇ ವಿಕಾರವಾಗಿ ಕಂಡಿತು. ಕೆಲವರಿಗೆ ತಂದೆಯೋ ತಾಯಿಯೋ ಕಂಡರು, ಕೆಲವರಿಗೆ ಗುರುತಿಲ್ಲದವರು. ಅರ್ಧಕ್ಕರ್ಧ ಜನಕ್ಕೆ ರಾಕ್ಷಸಾಕಾರಗಳು! ನಾಲ್ಕು ಕಾಸು ಕೊಟ್ಟು ಕ್ಲಾಸಿಗೆ ಹೋದ ಮೇಲೆ ಇದೇ ಕಂಡರೆ "ಶಕ್ತಿ ಬಂತು" ಅನ್ನುತ್ತೇವೆ.

ಹಾಗಾದರೆ ದೀಪದ ಮುಂದೆ ನೀವ್ಯಾಕೆ ಕೂರುತ್ತೀರಿ ಅಂತೀರಾ? ಅದು ತ್ರಾಟಕ, ಹಠಯೋಗ ಪ್ರದೀಪಿಕೆಯ ಆರು ಶುದ್ಧಿಕ್ರಿಯೆಗಳಲ್ಲಿ ಒಂದು. ಇದರಿಂದ ದಿವ್ಯದೃಷ್ಟಿ ಬರುತ್ತದೆಂದು ಘೇರಂಡ ಸಂಹಿತೆ ಹೇಳುವುದೇನೋ ನಿಜ. ಆದರೆ ಪತಂಜಲಿಗಳು ಯೋಗಸೂತ್ರದ ಮೂರನೆಯ ಪಾದದಲ್ಲಿ ಸಿದ್ಧಿಗಳನ್ನು ಹೇಳುತ್ತ ನಡುವೆ, ಇಂಥವು ಸಮಾಧಿಗೆ ಅಡ್ಡಿ ಎಂದೂ ಹೇಳಿಬಿಟ್ಟಿದ್ದಾರೆ. ಈ ಸಾಲನ್ನು ಕ್ಲಾಸಿನವರು ಯಾಕೋ ಹೇಳಿಕೊಡುವುದಿಲ್ಲ. ನನಗಂತೂ ಈ ಇಷ್ಟು ವರ್ಷದಲ್ಲಿ ದೀಪದಲ್ಲಿ ಕಂಡದ್ದು ನಾಳೆಯ ದೋಸೆಗೆ ನೆನೆಹಾಕಬೇಕಾದ ಉದ್ದು, ಕಟ್ಟಬೇಕಾದ ಕರೆಂಟ್ ಬಿಲ್ಲು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆ "ಏನೂ ಇಲ್ಲ"ಕ್ಕಾಗಿಯೇ ಕೂರುವುದು. ಎದ್ದ ಮೇಲೆ ಸೊಸೆಯ ಮೇಲೆ ರೇಗುವುದು ಕಮ್ಮಿ, ಅವಳೇ ಹೇಳುತ್ತಾಳೆ!

ನೀವೂ ಕೂರಬೇಕೆಂದಿದ್ದರೆ ಫ್ಯಾನ್ ಆರಿಸಿ, ಎಣ್ಣೆ ದೀಪವನ್ನು ಕಣ್ಣಿನ ಮಟ್ಟಕ್ಕೆ, ಒಂದು ತೋಳಿನಷ್ಟು ದೂರದಲ್ಲಿಡಿ. ಸೆರಗು ಸಿಕ್ಕಿಸಿಕೊಳ್ಳಿ. ಎರಡು ನಿಮಿಷ ಸಾಕು. ಕಣ್ಣು ಉರಿದರೆ, ನೀರೂರಿದರೆ ಹಟ ಮಾಡದೆ ಮುಚ್ಚಿ. ಒಳಗೆ ಉಳಿದ ಬೆಳಕಿನ ಚುಕ್ಕೆ ಕರಗುವವರೆಗೆ ಹಾಗೇ ಇರಿ. ಕಣ್ಣಿನೊಳಗಿನ ಒತ್ತಡ ಹೆಚ್ಚಿರುವವರು, ಅರೆತಲೆನೋವಿನವರು, ಮೂರ್ಛೆರೋಗವಿರುವವರು ಡಾಕ್ಟರನ್ನು ಕೇಳದೆ ಕೂರಬಾರದು. ಮಕ್ಕಳನ್ನಂತೂ ಕೂರಿಸಲೇಬೇಡಿ. ನಡುವೆ ಯಾರದಾದರೂ ಮುಖ ಕಂಡಂತಾದರೆ ಗಾಬರಿ ಬೇಡ. ದೀಪ ಶಾಂತ ಮಾಡಿ, ಮುಖಕ್ಕೆ ತಣ್ಣೀರು ಹಾಕಿಕೊಂಡು ಕೆಲಸಕ್ಕೆ ಏಳಿ. ಯಾರ ಮುಖ ಅಂತ ಮಾತ್ರ ಯಾರಿಗೂ ಹೇಳಲು ಹೋಗಬೇಡಿ.