ರಾಮದುರ್ಗದಲ್ಲೊಂದು ಮುಂಜಾವು

ನೀವು ರಾಮದುರ್ಗಕ್ಕೆ ಹೋಗುವುದಾದರೆ ಬೆಳಗ್ಗೆ ಬೇಗ ತಲುಪಿರಿ. ಬೆಳಗಾವಿ ಜಿಲ್ಲೆಯ ಪೂರ್ವಕ್ಕೆ, ಮಲಪ್ರಭೆಯ ದಂಡೆಯಲ್ಲಿರುವ ಈ ಊರಿಗೆ ರೈಲಿಲ್ಲ. ಧಾರವಾಡದಿಂದಲೋ ಬೆಳಗಾವಿಯಿಂದಲೋ ಬಸ್ಸಿನಲ್ಲೇ ಬರಬೇಕು. 1948ರ ವರೆಗೆ ಇದು ಭಾವೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಹಳೆಯ ಕೋಟೆಯನ್ನು ಮಧ್ಯಾಹ್ನವೂ ನೋಡಬಹುದು. ಮುಂಜಾನೆ ನೋಡಬೇಕಾದದ್ದು ಬೇರೆಯೇ ಇದೆ.

ಆರು ಗಂಟೆಗೆಲ್ಲ ರಸ್ತೆ ಬದಿಯಲ್ಲಿ ಹೆಂಗಸರು ಗುಂಪಾಗಿ ನಿಂತಿರುತ್ತಾರೆ. ಕೈಯಲ್ಲಿ ಬುತ್ತಿಯ ಗಂಟು. ಅದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯವರಿಗೆ ಬಸ್ಸಿನ ದುಡ್ಡು ಉಳಿದಿದೆ. ಒಂದು ಟಂಟಂ ಬಂದು ನಿಲ್ಲುತ್ತದೆ. ಚಾಲಕನ ಪಕ್ಕ ಕುಳಿತವನು ಕೂಗುತ್ತಾನೆ: "ಹತ್ತ ಆಳ ಬೇಕು. ಶೇಂಗಾ ಬಿಡಸೂದೈತಿ."

ದೊಡ್ಡ ನಗರಗಳಲ್ಲಿ ಕೆಲಸಕ್ಕೆ ಜನ ಒದಗಿಸುವ ಏಜೆನ್ಸಿಗಳಿಗೆ ಕಚೇರಿಯಿದೆ, ಕಂಪ್ಯೂಟರಿದೆ. ಇಲ್ಲಿ ಏಜೆನ್ಸಿಯೆಂದರೆ ಮುಕಾದಮನ ಮೊಬೈಲ್ ಮತ್ತು ಅವನ ಜೇಬಿನಲ್ಲಿರುವ ಹಾಜರಿ ಪುಸ್ತಕ. ಹೊಲದವರು ಅವನಿಗೆ ಫೋನ್ ಮಾಡುತ್ತಾರೆ, ಅವನು ಆಳು ತರುತ್ತಾನೆ, ತನ್ನ ಪಾಲು ಹಿಡಿಯುತ್ತಾನೆ. ಕಬ್ಬಿನ ಹಂಗಾಮು ಬಂದರೆ ಮುಂಗಡ ಕೊಟ್ಟು ಗ್ಯಾಂಗ್ ಕಟ್ಟುತ್ತಾನೆ. ಮುಂಗಡ ತೀರುವ ತನಕ ಬಿಟ್ಟು ಬರುವಂತಿಲ್ಲ. ಮಳೆ ಕೈಕೊಟ್ಟರೆ ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ. ನಿಮ್ಮ ಬೀದಿಯಲ್ಲಿ ಇಟ್ಟಿಗೆ ಹೊರುವ ಹೆಂಗಸು ಈ ಕಡೆಯವಳೇ ಇರಬಹುದು.

ಅಲ್ಲಿ ನಿಂತಿದ್ದ ಒಬ್ಬ ಖಾಲಾ ನೇಕಾರರ ಮನೆಯವರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಅವರ ಮಗ್ಗ ನೀರಲ್ಲಿ ನಿಂತಿತು. ಅಂದಿನಿಂದ ಕೂಲಿ. ಒಮ್ಮೆ ಗೋವಾದಿಂದ ಮರಳುವಾಗ ಮುಕಾದಮನ ಪುಸ್ತಕದಲ್ಲಿ ಅವರ ಹೆಸರಿಗೆ 19 ದಿನ ಬರೆದಿತ್ತು. ದುಡಿದದ್ದು 23. "ನನಗ ಓದಾಕ ಬರೂದಿಲ್ಲ ಬೇಟಿ. ಅವ ಬರದದ್ದ ಖರೆ ಆತು" ಎಂದರು. ಈಗ ಶಾಲೆಗೆ ಹೋಗುವ ಮೊಮ್ಮಗಳು ದಿನವೂ ರಾತ್ರಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ: ಯಾರ ಕೆಲಸ, ಎಷ್ಟು ಕೂಲಿ.

ಇಂತಹ ಸಹೋದರಿಯರಿಗೆ ನೀವು ತಿಳಿಸಬಹುದಾದ ವಿಷಯಗಳಿವೆ. ದೊಡ್ಡ ಕಟ್ಟಡಗಳ ಕೆಲಸದಲ್ಲಿ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿದ ಮೂಲ ಮಾಲಕನೇ ಕೊಡಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿದ್ದ ಈ ಹೊಣೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಒಂದೇ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಕೂಲಿ ಕೊಡುವುದನ್ನು ಕಾನೂನು 1976ರಲ್ಲೇ ನಿಷೇಧಿಸಿತು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60ರೊಳಗಿನ ವಯಸ್ಸಿನವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು; ಹೆರಿಗೆಗೆ, ಮಕ್ಕಳ ಓದಿಗೆ ನೆರವು ಕೇಳಬಹುದು. ಆ 90 ದಿನಗಳ ಲೆಕ್ಕ ಮುಕಾದಮನ ಜೇಬಿನಲ್ಲಿ ಮಾತ್ರ ಇರಬಾರದು. ಮೊಮ್ಮಗಳ ಕ್ಯಾಲೆಂಡರಿನ ಬೆಲೆ ಅಲ್ಲಿ ತಿಳಿಯುತ್ತದೆ.

ಎಂಟು ಗಂಟೆಗೆ ರಸ್ತೆ ಬರಿದಾಗುತ್ತದೆ. ಕರೆ ಬಾರದ ಇಬ್ಬರು ಮೂವರು ಬುತ್ತಿಯ ಗಂಟು ಬಿಚ್ಚದೆ ಮನೆಯ ಹಾದಿ ಹಿಡಿಯುತ್ತಾರೆ.

ಇನ್ನು ನೀವು ಕೋಟೆ ನೋಡಲು ಹೋಗಬಹುದು. ಆದರೆ ಊರಿಗೆ ಮರಳಿದ ಮೇಲೆ ನಿಮ್ಮ ಮನೆಗೆ ಕೂಲಿಯವರು ಬಂದರೆ ಒಂದು ಮಾತು ನೆನಪಿಡಿ. ಹಣವನ್ನು ಕರೆತಂದವನ ಕೈಗಿಟ್ಟು ಬಾಗಿಲು ಹಾಕಿಕೊಳ್ಳಬೇಡಿ. ದುಡಿದವಳನ್ನು ಕರೆದು, ಅವಳ ಕೈಗೇ ಎಣಿಸಿ ಕೊಡಿ.