ಎರಡನೇ ಸಿಲಿಂಡರು

25 ಜೂನ್ 2024, ಮಂಗಳವಾರ, ತೀರ್ಥಹಳ್ಳಿ

ಅಮ್ಮನ ಕಣ್ಣಿನ ಇಂಜೆಕ್ಷನ್ನಿಗೆಂದು ಶಿವಮೊಗ್ಗಕ್ಕೆ ಹೊರಟವರು ಮಂಡಗದ್ದೆಯ ಹತ್ತಿರ ನಿಂತೆವು. ಆರಿದ್ರಾ ಮಳೆ ಹಿಡಿದುಕೊಂಡಿತ್ತು. ಆಕ್ಸಿಲರೇಟರ್ ಒತ್ತಿದರೆ ಗಾಡಿ ಕೆಮ್ಮಿತು, ಜರ್ಕ್ ಹೊಡೆಯಿತು, ಆಮೇಲೆ ಆಫ್. ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. 2014ರ ಪೆಟ್ರೋಲ್ ಕಾರು, 88 ಸಾವಿರ ಕಿಲೋಮೀಟರ್ ಓಡಿದ್ದು. ಜನವರಿಯಲ್ಲಿ ಕೊಂಡಾಗ ಯಾವ ತಕರಾರೂ ಇರಲಿಲ್ಲ. "ಬಸ್ಸಿಗೇ ಹೋಗಬಹುದಿತ್ತಲ್ಲ ಮಗಾ" ಎಂದಳು ಅಮ್ಮ. ಬಸ್ಸಿನ ಮೆಟ್ಟಿಲು ಅವಳಿಗೆ ಸರಿಯಾಗಿ ಕಾಣುವುದಿಲ್ಲ. ಗಾಡಿ ಕೊಂಡದ್ದೇ ಅದಕ್ಕೆ.

3 ಜುಲೈ, ಬುಧವಾರ

ಶಿವಮೊಗ್ಗದ ವರ್ಕ್‌ಶಾಪಿನಿಂದ ಗಾಡಿ ಬಂತು. ನಾಲ್ಕು ಪ್ಲಗ್, ಫ್ಯೂಯಲ್ ಪಂಪ್, ಇಂಜೆಕ್ಟರ್ ಕ್ಲೀನಿಂಗ್, 11,400 ರೂಪಾಯಿ. ತೊಂದರೆ ಯಾವುದರಲ್ಲಿತ್ತು ಎಂದು ಕೇಳಿದರೆ, "ಎಲ್ಲಾ ಹಾಕಿದೀವಲ್ಲ ಸಾರ್" ಎಂದರು.

14 ಜುಲೈ, ಭಾನುವಾರ

ಮತ್ತೆ ಅದೇ ಕೆಮ್ಮು, ಜರ್ಕ್: ಮಿಸ್ಸಿಂಗ್. ಈ ಸಲ ಇಂಜಿನ್ ಲೈಟ್ ಮಿಣುಕತೊಡಗಿತು. ಕುರುವಳ್ಳಿಯ ಹಳೆಯ ಮೆಕ್ಯಾನಿಕ್ಕಿನ ಹತ್ತಿರ ಹೋದೆ. "ಲೈಟು ಸುಮ್ಮನೆ ಉರೀತಿದ್ರೆ ನಿಧಾನಕ್ಕೆ ಬನ್ನಿ ಮೇಷ್ಟ್ರೇ, ಮಿಣುಕಿದ್ರೆ ಓಡಿಸ್ಲೇಬೇಡಿ" ಎಂದರು. ಒಳಗೆ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಅದನ್ನೇ ಸುಟ್ಟುಹಾಕುತ್ತದಂತೆ.

ಸ್ಕ್ಯಾನರ್ ಹಾಕಿದರು: ಪಿ0302. ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಹೊಸ ಪಾರ್ಟು ಯಾವುದನ್ನೂ ತರಿಸಲಿಲ್ಲ. ಎರಡನೆಯದರ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕಿತ್ತು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ ಬಂದರು. ಈಗ ಪಿ0303. "ತಪ್ಪು ಕಾಯಿಲ್ ಜೊತೆಗೇ ಹೋಯ್ತು. ಇನ್ನು ಅನುಮಾನ ಇಲ್ಲ."

ಆ ಕಾಯಿಲನ್ನು ಕೈಗೆ ಕೊಟ್ಟರು. ಕೆಳಗಿನ ರಬ್ಬರ್ ಕೊಳವೆ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿತ್ತು. ಮೈಮೇಲೆ ಸೂಜಿಯಲ್ಲಿ ಗೀರಿದಂಥ ಬೂದು ಗೆರೆ. ಪ್ಲಗ್ಗಿನ ತುದಿಯಲ್ಲಿ ಹಾರಬೇಕಾದ ಕಿಡಿ ಆ ಗೆರೆಗುಂಟ ಹೊರಗೇ ಸೋರುತ್ತಿತ್ತು. ಪ್ಲಗ್ಗಿನ ಗುಂಡಿಗೆ ಟಾರ್ಚ್ ಬಿಟ್ಟರು. ತಳದಲ್ಲಿ ಇಂಜಿನ್ ಆಯಿಲ್ ಹೊಳೆಯಿತು. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಗಟ್ಟಿಯಾಗಿ, ಆಯಿಲ್ ಅಲ್ಲಿಂದ ಇಳಿದಿತ್ತು.

ರಾತ್ರಿಯಾದರೂ ಒಂದು ಮಾತು ಮನಸ್ಸಿನಿಂದ ಹೋಗಿಲ್ಲ. ಹನ್ನೊಂದು ದಿನದ ಹಿಂದೆ ಇದೇ ಗುಂಡಿಗೆ ಹೊಸ ಪ್ಲಗ್ ಇಳಿಸಿದವರ ಪಾನಾಕ್ಕೆ ಈ ಆಯಿಲ್ ಹತ್ತಿರಲೇಬೇಕು. ಒರೆಸಿಕೊಂಡು ಮುಂದಕ್ಕೆ ಹೋಗಿದ್ದಾರೆ. ಊಹೆಯ ಮೇಲೆ ಪಾರ್ಟು ಬದಲಿಸುವುದಕ್ಕೆ ನಾನು ರಿಪೇರಿ ಎನ್ನಲಾರೆ.

23 ಜುಲೈ, ಮಂಗಳವಾರ

ಹೊಸ ಕಾಯಿಲ್, ಹೊಸ ಪ್ಯಾಕಿಂಗ್. ಮಿಸ್ಸಿಂಗ್ ಪೂರ್ತಿ ಹೋಗಿತ್ತು. ಆದರೂ ಗಾಜನೂರು ದಾಟುತ್ತಲೇ ಗಾಡಿ ಆಫ್. ಕೆಮ್ಮಲಿಲ್ಲ, ಜರ್ಕ್ ಇಲ್ಲ. ಸ್ವಿಚ್ ಆರಿಸಿದ ಹಾಗೆ ನಿಂತಿತು. ಮಳೆಯಲ್ಲಿ ಅಮ್ಮನ ಕೈಹಿಡಿದು ಆಟೋ ಹತ್ತಿಸಿದೆ. ಆಸ್ಪತ್ರೆಯವರು ಕಾದಿದ್ದರು, ಇಂಜೆಕ್ಷನ್ ಆಯಿತು.

28 ಜುಲೈ, ಭಾನುವಾರ

ಎರಡು ಕಾಯಿಲೆಗಳು ಒಂದೇ ಹೊತ್ತಿಗೆ ಇದ್ದವು, ನಾವು ಒಂದೆಂದು ತಿಳಿದಿದ್ದೆವು. ಕುರುವಳ್ಳಿಯ ಮೆಕ್ಯಾನಿಕ್ ಗಾಡಿಯನ್ನು ನಿಲ್ಲುವ ತನಕ ಓಡಿಸಿ, ನಿಂತ ಮೇಲೆ ಸ್ಕ್ಯಾನರ್ ಹಚ್ಚಿಯೇ ಸೆಲ್ಫ್ ಹೊಡೆಸಿದರು. ಇಂಜಿನ್ ತಿರುಗುತ್ತಿದೆ, ಪರದೆಯ ಮೇಲೆ ಆರ್‌ಪಿಎಂ ಸೊನ್ನೆ! ಕ್ರ್ಯಾಂಕ್ ಸೆನ್ಸರಿನ ಮೇಲೆ ಒಂದು ಚೊಂಬು ತಣ್ಣೀರು ಹೊಯ್ದರು, ತಕ್ಷಣ ಸ್ಟಾರ್ಟ್ ಆಯಿತು. ಕ್ರ್ಯಾಂಕ್ ತಿರುಗುತ್ತ ಎಲ್ಲಿಗೆ ಬಂದಿದೆ ಎಂದು ಕಂಪ್ಯೂಟರಿಗೆ ತಿಳಿಸುವುದು ಆ ಸೆನ್ಸರೇ. ಬಿಸಿಗೆ ಅದು ಮೂಕವಾದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ.

20 ಆಗಸ್ಟ್, ಮಂಗಳವಾರ

ಮೂರನೇ ಇಂಜೆಕ್ಷನ್. ಸೆನ್ಸರ್ ಬದಲಿಸಿದ ಮೇಲೆ ಗಾಡಿ ಹೋಗಿಬರುವಾಗ ಒಮ್ಮೆಯೂ ನಿಲ್ಲಲಿಲ್ಲ. ಅಮ್ಮ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ನಮ್ಮ ಶಾಲೆಯ ಹೊಸ ಮೇಷ್ಟ್ರು ಹಳೆ ಕಾರು ಹುಡುಕುತ್ತಿದ್ದಾರೆ. ನಾಳೆ ಹೇಳಬೇಕು: ತಣ್ಣಗಿದ್ದಾಗ ಬೀದಿಯಲ್ಲೊಂದು ಸುತ್ತು ಹೊಡೆದು ಅಡ್ವಾನ್ಸ್ ಕೊಡಬೇಡಿ. ಮುಕ್ಕಾಲು ಗಂಟೆ ಓಡಿಸಿ, ಕಾದಿರುವಾಗಲೇ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ. ಒಂದು ಕಾಯಿಲ್ ಎತ್ತಿಸಿ, ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ.