ಬರೆಯೋಕಾ, ತಿನ್ನೋಕಾ?

ಮೊಮ್ಮಗಳ ಅಕ್ಷರಾಭ್ಯಾಸಕ್ಕೆಂದು ಬಿಟಿಎಂ ಎರಡನೇ ಹಂತದ ಅಂಗಡಿಯಲ್ಲಿ ಬಳಪ ಕೇಳಿದೆ. ಅಂಗಡಿಯವನು ಫೋನಿನಿಂದ ತಲೆಯೆತ್ತದೆ, "ಬರೆಯೋಕಾ ಅಮ್ಮ, ತಿನ್ನೋಕಾ?" ಎಂದ. ತಮಾಷೆಗೆ ಕೇಳಿದ್ದಲ್ಲ. ಸ್ಲೇಟಿನ ಮಕ್ಕಳು ಹೋದರು, ಬಳಪದ ದೊಡ್ಡವರು ಬಂದರು ಎಂದು ಅವನೇ ವಿವರಿಸಿದ. ಸುತ್ತಲೆಲ್ಲ ಪಿಜಿಗಳು, ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಯರು ಬಿಸ್ಕತ್ತಿನ ಜೊತೆ ಒಂದು ಡಬ್ಬಿ ಬಳಪವನ್ನೂ ಒಯ್ಯುತ್ತಾರಂತೆ.

ನಗಬೇಕೆನಿಸಿತು, ಆದರೆ ಯಾವ ಮುಖ ಇಟ್ಟುಕೊಂಡು ನಗಲಿ? ತಾವರೆಕೆರೆಯ ಸುತ್ತ ಇನ್ನೂ ರಾಗಿ ಹೊಲಗಳಿದ್ದ ಕಾಲದಲ್ಲಿ ನನ್ನ ಬಳಪ ಅರ್ಧ ಅಕ್ಷರವಾಗುತ್ತಿತ್ತು, ಇನ್ನರ್ಧ ಹೊಟ್ಟೆಗೆ ಹೋಗುತ್ತಿತ್ತು. ಮೊದಲ ಮಳೆಯ ವಾಸನೆಯನ್ನೇ ಕಟುಂ ಎಂದು ಕಡಿದ ಹಾಗಿರುತ್ತಿತ್ತು ಆ ರುಚಿ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಇಂಥ ಚಪಲ ಬರುವುದುಂಟು ಎಂದು ಡಾಕ್ಟರು ಹೇಳುತ್ತಾರೆ. ಅಮ್ಮನ ಔಷಧ ಬೆನ್ನಿಗೊಂದು ಗುದ್ದು, ಆಮೇಲೆ ತಟ್ಟೆ ತುಂಬ ನುಗ್ಗೆಸೊಪ್ಪಿನ ಪಲ್ಯ. ಅರ್ಧ ಔಷಧವಾದರೂ ಸರಿಯಾಗಿತ್ತು.

ನಾನು ತಿಂದದ್ದು ಎಂಥ ಕಲ್ಲು ಎಂದು ತಿಳಿದದ್ದು ಹೈಸ್ಕೂಲಿನ ಪ್ರವಾಸದಲ್ಲಿ. ಬೇಲೂರಿನ ಜಗತಿಯ ಮೇಲೆ ನಿಂತು ಮೇಷ್ಟ್ರು, 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು ಎಂದು ಶುರು ಮಾಡಿ, "ಇದೆಲ್ಲ ಬಳಪದ ಕಲ್ಲು" ಎಂದುಬಿಟ್ಟರು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಆರುತ್ತ ಆರುತ್ತ ಗಟ್ಟಿ. ಆ ಮೆದುತನ ಇರುವಷ್ಟರಲ್ಲೇ ಶಿಲ್ಪಿಗಳು ಕಾಲ್ಗೆಜ್ಜೆಯನ್ನೂ ಮುಂಗುರುಳನ್ನೂ ಬಿಡಿಸಿಬಿಡುತ್ತಿದ್ದರಂತೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೂ ಕೊರೆದಿಟ್ಟಿದ್ದಾರೆ. ಗೆಳತಿ ನನ್ನ ಪಕ್ಕೆ ತಿವಿದು, "ಆನೆ ಸಾಲು ಕೈಗೆಟುಕತ್ತೆ ಕಣೇ, ನೆಕ್ಕಿ ನೋಡ್ತೀಯಾ?" ಎಂದಳು. ಮೇಷ್ಟ್ರು ಇಲ್ಲದಿದ್ದರೆ ಏನಾಗುತ್ತಿತ್ತೋ.

ಬಳಪಕ್ಕೆ ಸ್ಲೇಟು ಜೊತೆಯಾದದ್ದು ತೀರ ಈಚೆಗೆ. ಅದಕ್ಕೂ ಮೊದಲು ನಮ್ಮಲ್ಲಿ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕರೀ ಪುಸ್ತಕ. ಅದರ ಮೇಲೆ ಬಳಪದ ಕಡ್ಡಿಯಿಂದ ಬರೆಯುವುದು. ವರ್ತಕರ ಲೆಕ್ಕ, ಮಠದ ಆಯವ್ಯಯ ಎಲ್ಲ ಅದರಲ್ಲೇ. ಶೃಂಗೇರಿ ಮಠದಲ್ಲಿ ಹಳೆಯ ಕಡತಗಳು ಇಂದಿಗೂ ಇವೆ. ಬೇಡದ್ದನ್ನು ಒರೆಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಬಹುದಿತ್ತು. ಈ ಸವಲತ್ತು ನಮ್ಮ ಸ್ಲೇಟಿಗೂ ಇತ್ತು, ಅದಕ್ಕೇ ನನಗೆ ನೋಟ್‌ಬುಕ್ಕಿಗಿಂತ ಅದರ ಮೇಲೇ ಪ್ರೀತಿ. ಸೊಟ್ಟ 'ಋ'ವನ್ನು ಸಂಜೆ ಮನೆಗೆ ಹೊತ್ತೊಯ್ದು ಅಪ್ಪನಿಗೆ ತೋರಿಸುವ ಕರ್ಮವಿರಲಿಲ್ಲ. ನೋಟ್‌ಬುಕ್ಕಿನ ಕೆಂಪು ಇಂಕು ಬಂತು ನೋಡಿ, ಅಲ್ಲಿಗೆ ಬಾಲ್ಯ ಮುಗಿಯಿತು.

ಒರೆಸಲಾಗದ ಬರವಣಿಗೆ ಬೇಕೆಂದರೆ ನಮ್ಮ ಮನೆಯಿಂದ ಹೆಚ್ಚು ದೂರ ಹೋಗಬೇಕಿಲ್ಲ. ಮಡಿವಾಳದ ಸೋಮೇಶ್ವರನ ಗುಡಿಯ ಹೊರಗೋಡೆಯಲ್ಲಿ 1247ರ ತಮಿಳು ಶಾಸನವಿದೆ. ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದಾನ ಕೊಟ್ಟ ದಾಖಲೆ ಅದು. ಆ ಭೂಮಿಯ ಮೇಲೆ ಈಗ ಯಾರ ಪಿಜಿ ಎದ್ದಿದೆಯೋ, ಸೋಮೇಶ್ವರನೇ ಬಲ್ಲ.

ಅಕ್ಷರಾಭ್ಯಾಸದ ದಿನ ಗುಡಿಯಿಂದ ಬಂದು ಮೊಮ್ಮಗಳ ಕೈಗೆ ಸ್ಲೇಟು ಕೊಟ್ಟೆ. ತಟ್ಟೆಯ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸಿದ್ದಾಗಿತ್ತು. ಇದು ಅವಳದೇ ಸ್ವತಂತ್ರ 'ಅ'. ಹೊಟ್ಟೆ ದಪ್ಪ, ಬಾಲ ಆಕಾಶಕ್ಕೆ. ಅವಳೇ ತಲೆ ವಾರೆ ಮಾಡಿ ನೋಡಿ, ಒಪ್ಪಿಗೆಯಾಗದೆ, ಥೂ ಎಂದು ಉಗುಳಿ ಅಂಗೈಯಿಂದ ಗಸಗಸ ಒರೆಸಿದಳು. ಹಾಗೆ ಒರೆಸುವುದನ್ನು ನಾನಂತೂ ಹೇಳಿಕೊಟ್ಟಿರಲಿಲ್ಲ. ಸೊಸೆ ಮಾತ್ರ ನನ್ನನ್ನೇ ಒಮ್ಮೆ ನೋಡಿ, ಸ್ಯಾನಿಟೈಜರ್ ತರಲು ಒಳಗೆ ಹೋದಳು.